ಎರಡೂ ಕಿವಿ ಕಾಣುವ ಹುಲಿ

ಯಾರೇ ಎದುರು ಬರಲಿ, ನಾನು ಮೊದಲು ನೋಡುವುದು ಕಿವಿ. ಮಂಗಳೂರಿನ ಹತ್ತಿರದ ಬಿ.ಸಿ.ರೋಡಿನಲ್ಲಿ ಸ್ಟುಡಿಯೋ ಇಟ್ಟು, ಗಲ್ಫಿಗೆ ಹೋಗುವವರ ಪಾಸ್‌ಪೋರ್ಟ್ ಫೋಟೋ ತೆಗೆದೂ ತೆಗೆದೂ ಅಂಟಿಕೊಂಡ ಚಾಳಿ ಇದು. ಎರಡೂ ಕಿವಿ ಕಾಣಬೇಕು, ಹಲ್ಲು ಕಾಣಬಾರದು. ಒಂದು ಮದುವೆಯಲ್ಲಿ ಬಿರಿಯಾನಿ ಬಡಿಸಲು ಬಂದವನಿಗೂ “ಗದ್ದ ಸ್ವಲ್ಪ ಮೇಲೆ” ಎಂದುಬಿಟ್ಟಿದ್ದೆ. ಪಾಪ, ಅವನು ಎತ್ತಿದ. ಬಿರಿಯಾನಿ ನನ್ನ ಮಡಿಲಿಗೆ ಬಿತ್ತು.

ಈ ಹಲ್ಲಿನ ನಿಯಮ ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪಾಸ್‌ಪೋರ್ಟಿನ ಹೊದಿಕೆಯ ಮೇಲಿರುವ ಸಿಂಹಗಳನ್ನು ನೋಡಿ, ಅಶೋಕನ ಕಾಲದಿಂದ ಬಾಯಿ ತೆರೆದುಕೊಂಡೇ ನಿಂತಿವೆ. ಒಳಪುಟದ ಬಡಪಾಯಿ ಮಾತ್ರ ತುಟಿ ಬಿಚ್ಚುವಂತಿಲ್ಲ.

ಇರಲಿ. ನನ್ನ ಹೆಂಡತಿ ಝುಬೈದಾಳ ತಮ್ಮ ಹನೀಫ್ ದುಬೈಯಿಂದ ರಜೆಗೆ ಬಂದವನು, ಸ್ಟುಡಿಯೋ ಮುಂದೆ ಮಾದರಿ ಫೋಟೋ ಇಡುವ ಗಾಜಿನ ಪೆಟ್ಟಿಗೆಯನ್ನು ತೋರಿಸಿ ಎಲ್ಲರೆದುರೇ ಹೇಳಿದ: “ಭಾವ, ನೀವು ತೆಗೆದ ಫೋಟೋದಲ್ಲಿ ಎಲ್ಲರೂ ಈಗಷ್ಟೇ ಹಲ್ಲು ಕೀಳಿಸಿ ಬಂದವರ ಹಾಗೆ ಉಂಟು. ಇದರಲ್ಲಿ ಜೀವ ಇರುವ ಮುಖ ಒಂದಾದ್ರೂ ಹಾಕಿ ಮಾರಾಯ್ರೇ!”

ಮೈಯೆಲ್ಲ ಉರಿಯಿತು. ಅವನು ಹೇಳಿದ್ದು ನಿಜವಾದ್ದರಿಂದ ಇನ್ನಷ್ಟು ಉರಿಯಿತು. ಸ್ಟುಡಿಯೋದವನ ಮಾನವೆಲ್ಲ ಆ ಪೆಟ್ಟಿಗೆಯಲ್ಲೇ ಇರುವುದು. ಹಿಂದೆ ಮದುಮಕ್ಕಳ ಚಿತ್ರ ಹಾಕುತ್ತಿದ್ದೆವು. ಈಗ ಯಾರು ಒಪ್ಪುತ್ತಾರೆ? “ಅವನು ವಾಪಸ್ ಹೋಗುವುದರೊಳಗೆ ಅಂಥದ್ದೊಂದು ಹಾಕದಿದ್ದರೆ ಬೋರ್ಡೇ ಇಳಿಸ್ತೇನೆ” ಎಂದು ಹೆಂಡತಿಯ ಮುಂದೆ ಶಪಥ ಮಾಡಿದೆ.

ಒಪ್ಪಿಗೆ ಕೇಳಬೇಕಿಲ್ಲದ ಮುಖಗಳು ಇರುವುದು ಮೃಗಾಲಯದಲ್ಲಿ. ಸ್ಟುಡಿಯೋಗೆ ಬೀಗ ಹಾಕಿ, ಝುಬೈದಾಳನ್ನೂ ಕರೆದುಕೊಂಡು ಮಂಗಳೂರಿನ ಬಸ್ಸು ಹತ್ತಿದೆ.

ಗೂಬೆ ನೆಟ್ಟಗೆ ನೋಡಿತು, ಆದರೆ ಕಿವಿಯೇ ಕಾಣಲಿಲ್ಲ. ಮೊಸಳೆ ಬಾಯಿ ಮುಚ್ಚಿದರೂ ಹಲ್ಲು ಹೊರಗೇ. ಜಿಂಕೆಯೊಂದು ಎಲ್ಲ ನಿಯಮ ಪಾಲಿಸಿತು. ಖುಷಿಯಿಂದ ತೆಗೆದು ನೋಡಿದರೆ ವೀಸಾಕ್ಕೆ ಅರ್ಜಿ ಹಾಕಿದ ಜಿಂಕೆ! ಥತ್, ನನ್ನ ಕೈಗುಣವೇ ಅಷ್ಟು.

ಕೊನೆಗೆ ಹುಲಿ. ನಮಗೆ ಬೆನ್ನು ಹಾಕಿ ಮಲಗಿತ್ತು. ಕ್ಯಾಮೆರಾ ಹಿಡಿದು ಕೈ ಸೋತಿತು. ಬಾಯಿತಪ್ಪಿ “ಗದ್ದ ಸ್ವಲ್ಪ ಮೇಲೆ” ಎಂದೂ ಹೇಳಿದೆ.

“ಅದು ಎಲ್ಲಿಗೂ ಹೋಗ್ಲಿಕ್ಕಿಲ್ಲ, ಅದಕ್ಕೆ ಪಾಸ್‌ಪೋರ್ಟ್ ಬೇಡ” ಎಂದಳು ಝುಬೈದಾ.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ಹಸುಗೂಸುಗಳ ಪಾಸ್‌ಪೋರ್ಟ್ ಫೋಟೋ ತೆಗೆಯುವಾಗ ಝುಬೈದಾ ನನ್ನ ಹಿಂದೆ ನಿಂತು ಬಳೆ ಕುಲುಕಿಸುತ್ತಾಳೆ. ಮಗು ತಿರುಗಿ ಬೊಚ್ಚುಬಾಯಿ ಬಿಟ್ಟು ನಗುತ್ತದೆ. ನಾನು ಆ ನಗು ಇಳಿದು ಬಾಯಿ ಮುಚ್ಚುವವರೆಗೆ ಕಾದು, ಆಮೇಲೆ ಒತ್ತುತ್ತೇನೆ.

ಅವಳು ಜಾರಿದ ಶಾಲನ್ನು ಸರಿಮಾಡಿಕೊಂಡಳು. ಬಳೆ ಸದ್ದಾಯಿತು. ಹುಲಿ ತಿರುಗಿತು! ಎರಡೂ ಕಿವಿ ನಿಮಿರಿದವು, ಯಾರಪ್ಪಾ ಇವರು ಎಂಬಂತೆ ನಮ್ಮನ್ನೇ ನೋಡಿತು, ಬಾಯಿ ತೆರೆಯಿತು. ನಾನು ಏನು ಮಾಡಿದೆ ಗೊತ್ತೇ? ಬಾಯಿ ಮುಚ್ಚಲಿ ಎಂದು ಕಾಯುತ್ತಾ ನಿಂತೆ.

“ಒತ್ತಿ ಮಾರಾಯ್ರೇ!” ಎಂದು ಝುಬೈದಾ ಬೆನ್ನಿಗೆ ಗುದ್ದಿದಳು.

ಒತ್ತಿದೆ. ಹಲ್ಲು, ನಾಲಿಗೆ, ಮೀಸೆ, ಕಣ್ಣಿನ ಕುತೂಹಲ ಎಲ್ಲವೂ ಬಂದಿತ್ತು. ಆ ದಾರಿಯಲ್ಲೇ ಕುಣಿಯಬೇಕು ಅನಿಸಿತು.

ಪೆಟ್ಟಿಗೆಯಲ್ಲಿ ಹುಲಿ ಕೂತ ದಿನ ಹನೀಫ್ ಬಹಳ ಹೊತ್ತು ಅದರೆದುರು ನಿಂತ. “ಭಾವ, ಇದು ನೀವು ತೆಗೆದದ್ದಾ?” ಎಂದ. ಪಾಸ್‌ಪೋರ್ಟ್ ನವೀಕರಣಕ್ಕೆ ಫೋಟೋ ಬೇಕಿತ್ತು, ಬಂದು ಕೂತ. ನಿಯಮದ ಪ್ರಕಾರ ಒಂದು ತೆಗೆದೆ. ಅಷ್ಟರಲ್ಲಿ ನನ್ನ ಹಿಂದೆ ಬಳೆ ಸದ್ದಾಯಿತು. ಮಗುವಿನಂತೆ ಪುಸಕ್ಕನೆ ನಕ್ಕ. ಈ ಸಲ ನಾನು ಕಾಯಲಿಲ್ಲ.

ಅವನು ದುಬೈಗೆ ಮರಳುವಾಗ ಪೆಟ್ಟಿಗೆಯಲ್ಲಿ ಹುಲಿಯ ಪಕ್ಕ ಅವನೂ ಇದ್ದ, ಇಬ್ಬರದೂ ಹಲ್ಲು ಕಾಣುವಂತೆ. ಈಗ ಪಾಸ್‌ಪೋರ್ಟಿಗೆಂದು ಬಂದವರೆಲ್ಲ ಎರಡು ಫೋಟೋ ತೆಗೆಸಿಕೊಳ್ಳುತ್ತಾರೆ, ಒಂದು ಸರಕಾರಕ್ಕೆ, ಇನ್ನೊಂದು ಮನೆಯವರಿಗೆ. ಸರಕಾರದ್ದಕ್ಕೆ ನಾನೊಬ್ಬನೇ ಸಾಕು. ಮನೆಯವರದ್ದಕ್ಕೆ ಝುಬೈದಾ ಬಳೆ ತೊಟ್ಟು ಹಿಂದೆ ನಿಲ್ಲಬೇಕು.