ಹೂವಯ್ಯ ಮಲಗದ ಹಾಸಿಗೆ

ನಿಟ್ಟೂರಿನ ಹೂವಯ್ಯನಿಗೆ ಉಂಡು ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಉಂಡವರು ಎರಡನೆಯದಕ್ಕೆ ಸೌಟು ಹಿಡಿಯಬೇಕೆಂಬುದು ಆ ಕಡೆಯ ರೂಢಿ. ಅವನಿಗಂತೂ ಅದು ರಕ್ತಕ್ಕೇ ಇಳಿದಿತ್ತು. ಸಾರು ಬಡಿಸುವಾಗ ಅವನ ಮುಖದ ಮೇಲಿನ ಬೆಳಕು ಮದುಮಗನ ಮುಖದಲ್ಲೂ ಇರುತ್ತಿರಲಿಲ್ಲ.

ಅಂಥವನಿಗೆ ಕಿಡ್ನಿಯಲ್ಲಿ ಕಲ್ಲಾಯಿತು. ಸಾಗರದ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ಶ್ರೀಕರ ಹೊಟ್ಟೆ ಕೊಯ್ಯದೆ, ನಳಿಗೆ ಹಾಕಿ, ಕಲ್ಲನ್ನು ಪುಡಿಮಾಡಿ ತೆಗೆದರು. ಖರ್ಚು ವಿಮಾ ಕಂಪನಿಯದು. ಆದರೆ ರೋಗಿ ಒಂದು ಹಗಲು, ಒಂದು ರಾತ್ರಿ ಹಾಸಿಗೆಯಲ್ಲಿದ್ದರೆ ಮಾತ್ರ ಕಂಪನಿ ದುಡ್ಡು ಕೊಡುತ್ತದೆ ಎಂದು ಕೌಂಟರಿನ ವಿನಯಾ ಮೊದಲೇ ಎಚ್ಚರಿಸಿದ್ದಳು. ಕೊಡದಿದ್ದರೆ ಮನೆಯಲ್ಲಿ ಹಾಲು ಕರೆಯುವ ಎಮ್ಮೆಯನ್ನು ಮಾರಬೇಕು.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ನೋವೇ ಇರಲಿಲ್ಲ. ಆಯಾ ಕೊಟ್ಟ ಗಂಜಿ ಕುಡಿದ. ಕುಡಿದ ಮೇಲೆ ಸುಮ್ಮನೆ ಮಲಗಲು ಮೈ ಕೇಳಲಿಲ್ಲ. ವಾರ್ಡಿನ ಎದುರು ಸಾಲಿನವರಿಗೆ ಗಂಜಿ ಇನ್ನೂ ಹೋಗಿರಲಿಲ್ಲ. ಸೌಟು ಇಸಿದುಕೊಂಡು, ಮನೆಯಿಂದ ತಂದ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನೂ ಕಂಕುಳಿಗೆ ಸಿಕ್ಕಿಸಿ ಹೊರಟ. ಅದೇ ಹೊತ್ತಿಗೆ ವಿಮಾ ಕಂಪನಿಯ ಸುರೇಂದ್ರ ತಪಾಸಣೆಗೆಂದು ಒಳಗೆ ಬಂದ. ಹೂವಯ್ಯ ಅವನನ್ನೂ ಕೂರಿಸಿ ಬಡಿಸಿದ.

ಸುರೇಂದ್ರ ಉಂಡು, ಬಾಯೊರೆಸಿಕೊಂಡು ಕೇಳಿದ: "ಇಲ್ಲಿ ಹೂವಯ್ಯ ಅನ್ನೋ ಪೇಷೆಂಟ್ ಯಾರು?"

"ನಾನೇ ಮಾರಾಯ್ರೆ. ಇನ್ನೊಂಚೂರು ಹಾಕ್ಲಾ?"

ಮಧ್ಯಾಹ್ನ ಕಂಪನಿಯ ಉತ್ತರ ಬಂತು. ರೋಗಿ ಆರೋಗ್ಯವಾಗಿದ್ದಾನೆ, ದಾಖಲಾಗುವ ಅಗತ್ಯವೇ ಇರಲಿಲ್ಲ, ಹಣ ಕೊಡಲಾಗದು. ಚಿಕಿತ್ಸೆಯಾದ್ದರಿಂದಲೇ ಆರೋಗ್ಯವಾಗಿದ್ದಾನೆ ಎಂದು ಡಾಕ್ಟರು ಫೋನಿನಲ್ಲಿ ವಾದಿಸಿ ನೋಡಿದರು. ಹಾಗೆ ಬರೆಯಲು ಕಂಪ್ಯೂಟರಿನಲ್ಲಿ ಜಾಗವಿಲ್ಲ ಎಂದರು ಆ ಕಡೆಯವರು.

ಡಾಕ್ಟರು ಫೋನಿಟ್ಟು ಇವನ ಕಡೆ ತಿರುಗಿದರು. "ಎಂತ ಹೂವಯ್ಯ, ಒಂಚೂರು ನರಳೋಕೂ ಆಗ್ಲಿಲ್ವಾ ನಿಂಗೆ?"

"ನೋವಿದ್ರಲ್ವಾ ಡಾಕ್ಟ್ರೇ ನರಳೋದು? ನೀವೇ ತೆಗ್ದು ಹಾಕಿದ್ರಲ್ಲ."

ಡಾಕ್ಟರು ತಮ್ಮ ಕೈಕೆಲಸದ ಫೀಸು ಬಿಟ್ಟರು. ಹಾಸಿಗೆಯ ಬಾಡಿಗೆ, ಯಂತ್ರದ ಬಾಡಿಗೆ ಬಿಡುವುದು ಅವರ ಕೈಯಲ್ಲಿರಲಿಲ್ಲ, ಅವು ಮಾಲೀಕರವು. ಊರಲ್ಲಿದ್ದ ಭಾವ ಎಮ್ಮೆಯನ್ನು ಸಂಜೆಯೊಳಗೆ ಮಾರಿ, ದುಡ್ಡನ್ನು ಫೋನಿನಲ್ಲೇ ಕಳಿಸಿದ.

ರಸೀದಿ ಕೊಡುವಾಗ ವಿನಯಾ, ಬಾಡಿಗೆ ನಾಳೆ ಬೆಳಿಗ್ಗೆಯವರೆಗೂ ಸೇರಿದೆ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಹೂವಯ್ಯ ಬಸ್ಸಿಗೆ ಹೊರಟವನು ನಿಂತ. ವಾರ್ಡಿಗೆ ಮರಳಿ ಚೀಲ ಕೆಳಗಿಟ್ಟು, ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ ಕಾಲು ಚಾಚಿದ.

ಆಯಾ ಚಹಾ ತಂದಾಗ ಏಳಲಿಲ್ಲ.

"ಅಲ್ಲೇ ಇಡು," ಎಂದ.