ಓದಿದಳೋ, ಹೋದಳೋ

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಕೆಲಸದಲ್ಲಿದ್ದಷ್ಟು ಕಾಲ ಮಕ್ಕಳ ಬಾಯಿಗೆ ಹಕಾರ ಹತ್ತಿಸಲು ಹೆಣಗಿದೆ, ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ಹಾಸನವನ್ನೇ ಆಸನ ಮಾಡಿಕೊಂಡ ಜನ ನಾವು! ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಗೆ ಹೋದರೂ ಇದೇ ರಾಗ. ‘ಹೋದಳು’ ಅನ್ನಬೇಕಾದ ಕಡೆ ‘ಓದ್ಲು’ ಅಂತೀವಿ. ಈ ಓದ್ಲು ಅನ್ನೋ ಒಂದು ಮಾತು ಹುಡುಗಿಯೊಬ್ಬಳ ಓದನ್ನೇ ನುಂಗಿ ನೀರು ಕುಡಿಯುವುದರಲ್ಲಿತ್ತು.

ಈ ನಾಲ್ಕು ಊರುಗಳ ಕಡೆಯವರು ಸೇರಿ ಒಂದು ವಿದ್ಯಾನಿಧಿ ಮಾಡಿಕೊಂಡಿದ್ದೇವೆ. ಮೇಷ್ಟ್ರುಗಳಿದ್ದಾರೆ, ಟೈಲರ್‌ಗಳಿದ್ದಾರೆ, ಪರವೂರಿನಲ್ಲಿ ಬೇಕರಿ ಇಟ್ಟ ನಮ್ಮವರಿದ್ದಾರೆ. ಪ್ರತಿವರ್ಷ ಕೈಲಾದಷ್ಟು ಹಾಕುತ್ತಾರೆ. ಪಿಯುಸಿ ಮುಗಿಸಿ ಮುಂದಕ್ಕೆ ಓದಲು ದಾರಿಯಿಲ್ಲದ ಮಕ್ಕಳನ್ನು ಕರೆದು ಮಾತಾಡಿಸಿ, ಆರಿಸಿ, ಕಾಲೇಜಿಗೆ ನಾವೇ ಫೀಸು ಕಟ್ಟುತ್ತೇವೆ. ಮಾತಾಡಿಸುವ ಕೆಲಸ ನನ್ನದು. ಆ ವರ್ಷ ಕೊಣನೂರಿನ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳು ಬಂದಿದ್ದಳು. ಹಾಸನದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ‘ಯಾಕಮ್ಮ ನರ್ಸಿಂಗೇ ಬೇಕು?’ ಎಂದೆ. ‘ನಮ್ಮೂರಲ್ಲಿ ಒಂದು ಇಂಜೆಕ್ಷನ್ ಆಕುಸ್ಬೇಕಂದ್ರೂ ಬಸ್ ಕಾಯ್ಬೇಕು ಮಿಸ್’ ಎಂದಳು. ನನಗೆ ಅಷ್ಟೇ ಸಾಕಾಗಿತ್ತು. ಹೇಳಿ ಕಳಿಸುತ್ತೇವೆ ಎಂದೆವು. ಆಮೇಲೆ ನಮ್ಮ ಮೀಟಿಂಗ್ ಇವತ್ತು ನಾಳೆ ಅಂತ ಮುಂದಕ್ಕೆ ಹೋಗುತ್ತಲೇ ಇತ್ತು.

ಕೊನೆಗೆ ಅವಳನ್ನು ಆರಿಸಿದೆವು. ಮನೆಗೆ ಫೋನ್ ಮಾಡಿದವರು ನಮ್ಮ ಕಾರ್ಯದರ್ಶಿ, ಚನ್ನರಾಯಪಟ್ಟಣದವರು. ಮಾಡಿದವರು ಮುಖ ಹುಳ್ಳಗೆ ಮಾಡಿಕೊಂಡು ಬಂದರು.

‘ಆ ಹುಡುಗಿ ಕಥೆ ಮುಗೀತು ಮೇಡಂ. ಫೋನ್ ಅಜ್ಜಿ ಎತ್ಕೊಂಡಿದ್ರು. ಮೊಮ್ಮಗಳು ಓದ್ತಾಳಾ ಅಂತ ಕೇಳಿದೆ. ಆಗ್ಲೇ ಓದ್ಲು ಅಂದ್ಬುಟ್ರು.’

‘ಎಲ್ಲಿಗೆ ಹೋದ್ಲಂತೆ?’

‘ಅದನ್ನೆಲ್ಲಾ ಕೇಳಕ್ಕಾಯ್ತದಾ? ವಯಸ್ಸಿಗೆ ಬಂದ ಹುಡುಗಿ ಓದ್ಲು ಅಂದ್ರೆ ಇನ್ನೇನು? ಯಾವನ ಜೊತೆಗೋ... ಮರ್ಯಾದಸ್ತರು, ಪಾಪ. ನಾನು ಫೋನ್ ಇಟ್ಬುಟ್ಟೆ. ಮುಂದಿನ ಹುಡುಗಿಗೆ ಹೇಳಾಯ್ತು, ದಂಡಿಗನಹಳ್ಳಿ ಕಡೆಯೋಳು.’

ನನಗೆ ಮೈಯೆಲ್ಲಾ ಉರಿದುಹೋಯಿತು. ‘ಅಲ್ಲಾ ಸ್ವಾಮಿ, ಗಂಡು ಹುಡುಗ ಹೋದ ಅಂದ್ರೆ ಕೆಲಸಕ್ಕೆ ಹೋದ. ಹೆಣ್ಣು ಹುಡುಗಿ ಹೋದ್ಲು ಅಂದ್ರೆ ಮಾತ್ರ ಓಡಿಹೋದ್ಲಾ? ಯಾವ ವ್ಯಾಕರಣ ರೀ ಇದು?’ ಎಂದು ಅಲ್ಲೇ ಝಾಡಿಸಿದೆ. ಕಾಲೇಜಿಗೆ ಸೇರಲು ಶನಿವಾರವೇ ಕಡೆಯ ದಿನ. ಅಷ್ಟರೊಳಗೆ ಸೇರದಿದ್ದರೆ ಸೀಟು ಬೇರೆಯವರ ಪಾಲು. ಮಾರನೆಯ ಬೆಳಿಗ್ಗೆಯೇ ಕೊಣನೂರಿನ ಬಸ್ಸು ಹತ್ತಿದೆ.

ಅಜ್ಜಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಯಾರು ಏನು ಎಂದು ಹೇಳಿಕೊಂಡು ಮೊಮ್ಮಗಳನ್ನು ವಿಚಾರಿಸಿದೆ.

‘ಅಯ್ಯೋ, ನಿನ್ನೆ ಅದ್ಯಾರೋ ಪೋನ್ ಮಾಡಿ ಓಯ್ತಾಳಾ, ಓಯ್ತಾಳಾ ಅಂತಿದ್ದ ಕಣವ್ವ. ಓಯ್ತಾಳಾ ಏನು ಬಂತು, ಸೋಮ್ವಾರ್ವೇ ಓದ್ಲು ಅಂದೆ. ಅಷ್ಟಕ್ಕೇ ಮಡಗ್ಬುಟ್ಟ. ಪೂರ್ತಿ ಮಾತಾಡಕ್ಕೆ ಅವ್ನಿಗೇನಾಗಿತ್ತು?’

ನಮ್ಮ ಕಾರ್ಯದರ್ಶಿ ಕೇಳಿದ್ದು ‘ಓದ್ತಾಳಾ’. ಅಜ್ಜಿಯ ಕಿವಿಗೆ ಬಿದ್ದದ್ದು ‘ಹೋಗ್ತಾಳಾ’. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

‘ಎಲ್ಲಿಗಜ್ಜಿ ಹೋದ್ಲು?’

‘ಆಸನುಕ್ಕೆ. ಗಾರ್ಮೆಂಟ್ಸ್‌ಗೆ. ನೀವು ಯೋಳ್ಕಳಿಸ್ತೀವಿ ಅಂದಿದ್ರಂತೆ. ಕಾದ್ಲು, ಕಾದ್ಲು, ಸುದ್ದೀನೇ ಇಲ್ಲ. ಅಪ್ಪ ಅವ್ವ ಕೊಡಗಿನ ತ್ವಾಟದಾಗೆ ದುಡೀತಾವ್ರೆ, ನಾನು ಕೂತ್ಕಂಡು ತಿನ್ನಕ್ಕಾಯ್ತದಾ ಅಂತ ಬ್ಯಾಗ್ ಎತ್ಕಂಡ್ಲು. ಒಂದು ರಾತ್ರಿಯೆಲ್ಲಾ ಅತ್ತವ್ಳೆ ಕಣವ್ವ, ನಂಗೊತ್ತಿಲ್ವಾ?’

ಆ ಮಾತು ಎದೆಗೆ ನಾಟಿತು. ಅಲ್ಲಿಂದ ಹಾಸನಕ್ಕೆ ಬಂದು ಫ್ಯಾಕ್ಟರಿ ಗೇಟಿನ ಮುಂದೆ ನಿಂತೆ. ಶಿಫ್ಟ್ ಬಿಟ್ಟಾಗ ಹುಡುಗಿಯರು ಒಮ್ಮೆಗೇ ಹೊರಗೆ ಬಂದರು. ನಾನು ಅವಳನ್ನು ಗುರುತಿಸುವ ಮೊದಲು ಅವಳೇ ನನ್ನನ್ನು ನೋಡಿದಳು. ತಲೆಯಲ್ಲಿ ಇನ್ನೂ ದಾರದ ಚೂರುಗಳಿದ್ದವು.

‘ಲೇ ಹುಡುಗಿ, ಓದ್ತೀಯೋ ಇಲ್ವೋ? ಬಾಯಿ ಬಿಟ್ಟು ಹೇಳು’ ಎಂದೆ.

‘ಓದ್ತೀನಿ ಮಿಸ್’ ಎಂದಳು. ಕಣ್ಣು ತುಂಬಿಕೊಂಡಿತ್ತು. ‘ಆದ್ರೆ ಸೂಪರ್‌ವೈಸರ್ ಬಿಡಕಿಲ್ಲ. ಈಗಿನ್ನೂ ಮಿಷನ್ ಕಲಿಸವ್ರೆ. ಅವ್ರಿಗೆ ಯೋಳಕ್ಕೆ ಭಯ ಆಯ್ತದೆ.’

‘ಮೊದ್ಲು ಕಾಲೇಜಿಗೆ ಸೇರು. ಭಯ ಆಮೇಲೆ ಪಡುವಂತೆ.’

ಧೈರ್ಯವೇನೋ ಹೇಳಿಬಿಟ್ಟೆ, ಆದರೆ ನಿಧಿಯಲ್ಲಿ ಅವಳ ಪಾಲಿನದು ದಂಡಿಗನಹಳ್ಳಿಯ ಹುಡುಗಿಗೆ ಹೋಗಿಯಾಗಿತ್ತು. ಆ ಮಗು ಸಂತೋಷದಿಂದ ಊರಿಗೆಲ್ಲ ಹೇಳಿಕೊಂಡಿತ್ತಂತೆ. ಅವಳಿಂದ ಕಿತ್ತು ಇವಳಿಗೆ ಕೊಡುವುದೆಂದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿದಂತೆಯೇ. ಕಾರ್ಯದರ್ಶಿಗಳಿಗೆ ಫೋನಿನಲ್ಲೇ ಎಲ್ಲ ಹೇಳಿದೆ. ಬೈಯಲು ಇನ್ನೂ ಬೇಕಾದಷ್ಟಿತ್ತು, ಅವರು ಅದಕ್ಕೆ ಎಡೆ ಕೊಡಲಿಲ್ಲ. ನಮ್ಮ ವಾಟ್ಸಾಪ್ ಗುಂಪಿಗೆ ತಾವೇ ವಾಯ್ಸ್ ಮೆಸೇಜ್ ಕಳಿಸಿದರು: ‘ಓದ್ಲು ಅಂದಿದ್ನ ನಾನು ಕೆಟ್ಟದಾಗಿ ಅರ್ಥ ಮಾಡ್ಕೊಂಡೆ. ತಪ್ಪು ನಂದು, ಕಷ್ಟ ಹುಡುಗೀದು. ಕೈ ಜೋಡ್ಸಿ.’ ಬೇಕರಿಯವರೊಬ್ಬರು ‘ಆ ಹುಡುಗೀನೂ ಸೇರ್ಸಿ ಸಾ, ನಾವೇನ್ ಸತ್ತೋಗಿದ್ದೀವಾ?’ ಎಂದು ಮೊದಲು ದುಡ್ಡು ಹಾಕಿದರು. ಅವರ ಹಿಂದೆ ನಾಲ್ಕೂ ಊರಿನವರು ಹಾಕಿದರು. ಶುಕ್ರವಾರ ಸಂಜೆಯ ಹೊತ್ತಿಗೆ ಫೀಸು ತುಂಬಿತು. ಈ ಜನರ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತದೋ ಅಷ್ಟೇ ಪ್ರೀತಿಯೂ ಇದೆ, ಏನು ಮಾಡಲಿ?

ಶನಿವಾರ ಕಾಲೇಜಿನ ಕೌಂಟರಿನಲ್ಲಿ ಕೆಲಸ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಹುಡುಗಿ ಸೂಪರ್‌ವೈಸರ್ ನಂಬರ್ ತೆಗೆದು ಫೋನ್ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದಳು. ‘ಮಾಡು, ಏನು ನುಂಗಿಹಾಕ್ತಾರಾ?’ ಎಂದೆ. ನನಗೂ ಕೇಳಲಿ ಎಂದು ಸ್ಪೀಕರ್ ಒತ್ತಿದಳು.

‘ಸಾ, ನಾನು ನಾಳಿದ್ದಿಂದ ಕೆಲಸಕ್ಕೆ ಬರಾಕಿಲ್ಲ.’

‘ಯಾಕಮ್ಮೀ? ಎಲ್ಲಿಗ್ ಓಯ್ತೀಯ?’

‘ಕಾಲೇಜಿಗೆ ಸಾ. ನರ್ಸಿಂಗ್. ಈಗ ಸೇರ್ಕಂಡೆ.’

ಆ ಕಡೆ ಮಿಷನ್‌ಗಳ ಸದ್ದು ಗಡಗಡ ಕೇಳುತ್ತಿತ್ತು. ಹುಡುಗಿ ನನ್ನ ಕೈ ಹಿಡಿದುಕೊಂಡಳು.

‘ಸರಿ ಕಣಮ್ಮೀ’ ಎಂದಿತು ಆ ದನಿ. ‘ಇನ್ನೊಂದ್ಸಲ ಓದು ಬಿಟ್ಟು ಈ ಗೇಟ್ ತಾವ ಕೆಲಸ ಕೇಳ್ಕಂಡು ಬಂದ್ರೆ ಕಾಲ್ ಮುರ್ದಾಕ್ಬುಡ್ತೀನಿ, ಗೊತ್ತಾಯ್ತಾ?’

‘ಗೊತ್ತಾಯ್ತು ಸಾ’ ಎಂದು ಹುಡುಗಿ ಜೋರಾಗಿ ಅತ್ತಳು.