ಚಡ್ಡಿ ಎಲಾಸ್ಟಿಕ್ಕಿನ ಕನ್ನಡಕ

ನನ್ನ ಗಂಡನ ಅಕ್ಕನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಸೈರನ್. ಚಡ್ಡಿಗೆ ಎಲಾಸ್ಟಿಕ್ ಹೊಲಿಯುವ ಕಾರ್ಖಾನೆಯಲ್ಲಿ, ಮಷಿನ್ನುಗಳ ಸದ್ದಿನ ನಡುವೆ ಕೂಗಿ ಕೂಗಿ ಬಂದ ಗಂಟಲದು. ಮದುವೆಯಾದ ಹೊಸದರಲ್ಲಿ ಈ ಅತ್ತಿಗೆಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ!

ಮಗಳು ಹುಟ್ಟಿದಾಗ ಎರಡೂ ಕಣ್ಣಿನ ಪಾಪೆ ಬೆಳ್ಳಗಿದ್ದವು. ಬಸುರಿಯಾದ ಎರಡನೇ ತಿಂಗಳಲ್ಲಿ ನನಗೆ ಸಣ್ಣ ಜ್ವರ ಬಂದು ಮೈಮೇಲೆ ಗಂಧೆ ಎದ್ದಿತ್ತು. ಸೆಕೆಗೆ ಎಂದುಕೊಂಡು ಸುಮ್ಮನಾಗಿದ್ದೆವು. ಅದು ರುಬೆಲ್ಲಾ, ಹೊಟ್ಟೆಯೊಳಗಿನ ಕೂಸನ್ನೂ ಮುಟ್ಟಿದೆ ಎಂದರು ಡಾಕ್ಟರು. ಆಪರೇಷನ್ ಮಾಡಿ ಪೊರೆ ತೆಗೆದರು. ಕಿವಿ ಪರೀಕ್ಷಿಸಿ, ಅದೂ ಕೇಳಿಸುವುದಿಲ್ಲ ಎಂದರು.

"ಅದಕ್ಕೇ ಕಣ್ಣು ಮುಖ್ಯ ಕಣಮ್ಮ. ಎಚ್ಚರ ಇರೋವಷ್ಟು ಹೊತ್ತೂ ಕನ್ನಡಕ ಇರಲಿ. ಈಗ ನೋಡೋದು ಕಲೀದಿದ್ರೆ ಆಮೇಲೆ ತುಂಬಾ ಕಷ್ಟ."

ಇಟ್ಟುಕೊಂಡರೆ ತಾನೆ! ಬಾಟಲಿ ತಳದಷ್ಟು ದಪ್ಪ ಗಾಜು. ಹಾಕಿದ ತಕ್ಷಣ ಕಿತ್ತೆಸೆಯುತ್ತಿದ್ದಳು. ಅದರ ಪಟ್ಟಿ ಕಿವಿಯ ಹಿಂದೆ ಕೆಂಪಗೆ ಕೊರೆದಿತ್ತು. ನಾನು ಕೈಚೆಲ್ಲಿ ಅಳುತ್ತಾ ಕೂತೆ.

"ಅತ್ರೆ ಕನ್ನಡಕ ನಿಲ್ಲತ್ತೇನೇ? ಕೊಡಿಲ್ಲಿ," ಎಂದು ಅತ್ತಿಗೆ ಗದರಿದರು. ಪಟ್ಟಿ ಕತ್ತರಿಸಿ ಬಿಸಾಕಿ, ಹಳೇ ಬನಿಯನ್ನಿನ ಬಟ್ಟೆಯೊಳಗೆ ಚಡ್ಡಿಯ ಎಲಾಸ್ಟಿಕ್ ಇಟ್ಟು ಮೆತ್ತಗೆ ಹೊಲಿದರು.

"ನನ್ನ ಮಗಳ ತಲೆಗೆ ಚಡ್ಡಿ ಎಲಾಸ್ಟಿಕ್ಕಾ ಅಕ್ಕಾ?" ಎಂದು ನನ್ನ ಗಂಡ ನಕ್ಕರು.

"ನಿನ್ನ ಹಾಗಲ್ಲ, ಅವಳ ತಲೇಲಿ ಬುದ್ಧಿ ಇದೆ. ಭದ್ರವಾಗಿ ಕಟ್ಟಬೇಕು."

ಗುರುತು ಬೀಳುವುದು ನಿಂತಿತು. ಕೀಳುವುದು ನಿಲ್ಲಲಿಲ್ಲ. ಅತ್ತಿಗೆ ಕಾಡಿಬೇಡಿ ಸಂಜೆ ಪಾಳಿಗೆ ಬದಲಾಯಿಸಿಕೊಂಡು, ಹಗಲೆಲ್ಲ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ಅವಳು ಕೀಳುವುದು, ಇವರು ಹಾಕುವುದು, ಜೊತೆಗೆ ಬೈಗುಳ.

"ಅವಳಿಗೆ ಕೇಳಿಸಲ್ಲ ಅತ್ತಿಗೆ," ಎಂದೆ.

"ಗೊತ್ತು ಕಣೇ. ನನಗೆ ಸುಮ್ಮನಿರೋಕೆ ಬರಲ್ಲ."

ತಿಂಗಳುಗಳು ಕಳೆದವು. ಮಗಳ ಕಣ್ಣು ಸುಮ್ಮನೆ ಅಲೆಯುತ್ತಿತ್ತು, ಯಾವುದರ ಮೇಲೂ ನಿಲ್ಲುತ್ತಿರಲಿಲ್ಲ. ಕಿವಿಯೂ ಇಲ್ಲ, ಕಣ್ಣೂ ಇಲ್ಲವಾದರೆ ನಾನು ಅವಳ ತಾಯಿ ಅಂತ ಅವಳಿಗೆ ಹೇಗೆ ಹೇಳಲಿ ಎಂದು ಎದೆ ಒಡೆಯುತ್ತಿತ್ತು.

ಒಂದು ಬೆಳಿಗ್ಗೆ ಅವಳು ಮತ್ತೆ ಕನ್ನಡಕಕ್ಕೆ ಕೈ ಹಾಕಿದಳು. "ಏಯ್! ಮುಟ್ಟಿದ್ರೆ ನೋಡು!" ಎಂದರು ಅತ್ತಿಗೆ. ಕೈ ಅಲ್ಲೇ ನಿಂತಿತು. ಕಣ್ಣು ಅತ್ತಿಗೆಯ ಬಾಯಿಯ ಮೇಲೆ ನೆಟ್ಟಿತು. ಅತ್ತಿಗೆ ಇನ್ನೊಮ್ಮೆ "ಏಯ್" ಎಂದರು. ಮಗಳು ತನ್ನ ಬೊಚ್ಚುಬಾಯಿಯನ್ನು ಅಷ್ಟೇ ಅಗಲ ತೆರೆದಳು.

ಅವಳು ಮೊದಲು ನೋಡಿದ ಮುಖ ನನ್ನದಲ್ಲ. ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಈ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ ಎಂದು ಬಾಗಿಲಲ್ಲೇ ನಿಂತುಬಿಟ್ಟೆ.

ಅತ್ತಿಗೆ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದು ಎಳೆದರು. "ಅಲ್ಲೇನೇ ಕಂಬದ ಹಾಗೆ ನಿಂತಿದೀಯ? ನನ್ನ ನೋಡಿದ್ದು ಸಾಕು. ಬಾ ಮುಂದೆ, ಅಮ್ಮನ್ನ ನೋಡ್ಲಿ."